ತಡೆಯನ್ನೇ ತಡೆಯುವ ಅಣು: ಪತ್ರರಂಧ್ರಗಳು ತೆರೆದು ಮುಚ್ಚುವ ಬಗೆ

ಎಲೆಯ ಮೇಲ್ಮೈಯನ್ನು ಮೇಣದಂಥ ಕ್ಯೂಟಿಕಲ್ ಪದರವೊಂದು ಆವರಿಸಿರುವುದರಿಂದ ಗಾಳಿಯಾಗಲಿ ನೀರಾವಿಯಾಗಲಿ ಅದನ್ನು ಸುಲಭವಾಗಿ ದಾಟಲಾರವು. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಸಂಪರ್ಕ ಏರ್ಪಡುವುದು ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳ ಮೂಲಕ. ಅವೆಲ್ಲವೂ ಪೂರ್ತಿ ತೆರೆದಿರುವಾಗಲೂ ಎಲೆಯ ವಿಸ್ತೀರ್ಣದ ಕೆಲವೇ ಶೇಕಡಾ ಜಾಗವನ್ನು ತೆಗೆದುಕೊಳ್ಳುತ್ತವೆ. ಆದರೂ ಗಿಡ ಗಾಳಿಗೆ ಬಿಟ್ಟುಕೊಡುವ ನೀರಿನಲ್ಲಿ ಶೇ. 90ಕ್ಕಿಂತ ಹೆಚ್ಚಿನ ಪಾಲು ಹೊರಬೀಳುವುದು ಇವುಗಳಿಂದಲೇ. ಇಂಗಾಲದ ಡೈಆಕ್ಸೈಡ್ ಒಳಬರುವ ದಾರಿಯೂ ಇದೇ, ನೀರಾವಿ ಹೊರಹೋಗುವ ದಾರಿಯೂ ಇದೇ. ಒಂದನ್ನು ಬಿಟ್ಟುಕೊಂಡು ಇನ್ನೊಂದನ್ನು ತಡೆಹಿಡಿಯುವ ಉಪಾಯ ಗಿಡಕ್ಕೆ ಇಲ್ಲ.

ಈ ವ್ಯಾಪಾರ ಗಿಡಕ್ಕೆ ಬಹಳ ದುಬಾರಿ. ಭತ್ತ, ಗೋಧಿ, ಕಡಲೆಕಾಯಿಯಂಥ ಬೆಳೆಗಳು ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಹಿಡಿದಿಡಲು ಸುಮಾರು 400 ಅಣುಗಳಷ್ಟು ನೀರನ್ನು ತೆರುತ್ತವೆ. ಇಂಗಾಲವನ್ನು ಮೊದಲು ಬೇರೊಂದು ರಾಸಾಯನಿಕ ಹಾದಿಯಲ್ಲಿ ಸಾಂದ್ರಗೊಳಿಸಿಕೊಳ್ಳುವ ರಾಗಿ, ಜೋಳ, ಮೆಕ್ಕೆಜೋಳಗಳಲ್ಲಿ ಈ ಬೆಲೆ ಸುಮಾರು 150ಕ್ಕೆ ಇಳಿಯುತ್ತದೆ. ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುವ ಅನಾನಸ್, ಭೂತಾಳೆ, ಪಾಪಸುಕಳ್ಳಿಗಳಲ್ಲಿ ಅದು 50ರ ಆಸುಪಾಸಿಗೆ ಬರುತ್ತದೆ. ಮಣ್ಣು ಒಣಗಿದ ದಿನ, ಗಾಳಿ ಬಿಸಿಯಾದ ಮಧ್ಯಾಹ್ನ, ಮೋಡ ಕವಿದ ಗಳಿಗೆ ಇವುಗಳಲ್ಲಿ ಪ್ರತಿಯೊಂದರಲ್ಲೂ ಲೆಕ್ಕ ಬದಲಾಗುತ್ತದೆ. ಆದ್ದರಿಂದ ರಂಧ್ರ ಎಷ್ಟು ತೆರೆಯಬೇಕು ಎಂಬುದನ್ನು ಗಿಡ ದಿನವಿಡೀ, ಕೆಲವೊಮ್ಮೆ ನಿಮಿಷ ನಿಮಿಷಕ್ಕೂ, ತಿದ್ದಿಕೊಳ್ಳುತ್ತಲೇ ಇರಬೇಕಾಗುತ್ತದೆ. ನರಮಂಡಲವಿಲ್ಲದ ಜೀವಿಯೊಂದು ಈ ನಿರ್ಧಾರವನ್ನು ಹೇಗೆ ಕೈಗೊಳ್ಳುತ್ತದೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತದ್ದು ಕಳೆದ ಎರಡು ದಶಕಗಳಲ್ಲಿ.

ಉತ್ತರದ ಸಾರವನ್ನು ಮೊದಲೇ ಹೇಳಿಬಿಡಬಹುದು. ನೀರಿನ ಕೊರತೆಯಾದಾಗ ಒಂದು ಹಾರ್ಮೋನು ಹುಟ್ಟುತ್ತದೆ, ಅದು ರಂಧ್ರವನ್ನು ಮುಚ್ಚಿಸುತ್ತದೆ ಎಂದು ಪಾಠಗಳಲ್ಲಿ ಹೇಳುವುದು ತಪ್ಪಲ್ಲ, ಆದರೆ ಅದು ವಿವರಣೆಯೂ ಅಲ್ಲ. ರಂಧ್ರವನ್ನು ಮುಚ್ಚಲು ಬೇಕಾದ ಸಲಕರಣೆಯೆಲ್ಲ ಕೋಶದೊಳಗೆ ಸದಾ ಸಿದ್ಧವಾಗಿಯೇ ಇರುತ್ತದೆ. ಅದು ಕೆಲಸಕ್ಕೆ ಇಳಿಯದಂತೆ ಒಂದು ಪ್ರೋಟೀನು ಅದನ್ನು ತಡೆದು ನಿಲ್ಲಿಸಿರುತ್ತದೆ. ಹಾರ್ಮೋನು ಮಾಡುವುದು ಆ ತಡೆಯನ್ನು ತೆಗೆಯುವ ಕೆಲಸವನ್ನಷ್ಟೇ. ಇದೊಂದು ಸೂಕ್ಷ್ಮ ವ್ಯತ್ಯಾಸವಾಗಿ ತೋರಬಹುದು, ಆದರೆ ಪತ್ರರಂಧ್ರದ ಕುರಿತು ಈಚೆಗೆ ತಿಳಿದುಬಂದಿರುವ ಬಹುತೇಕ ಸಂಗತಿಗಳು ಅರ್ಥವಾಗುವುದು ಇದನ್ನು ಹಿಡಿದುಕೊಂಡಾಗಲೇ.

ಸಂಕೇತಗಳ ವಿಚಾರಕ್ಕೆ ಹೋಗುವ ಮೊದಲು ಯಂತ್ರವನ್ನು ನೋಡಬೇಕು. ಪ್ರತಿ ರಂಧ್ರದ ಇಕ್ಕೆಲಗಳಲ್ಲೂ ಹುರುಳಿಕಾಯಿಯ ಬೀಜದಾಕಾರದ ಎರಡು ಕಾವಲು ಕೋಶಗಳಿರುತ್ತವೆ. ಹುಲ್ಲಿನ ಜಾತಿಯ ಸಸ್ಯಗಳಲ್ಲಿ ಇವುಗಳ ಆಕಾರ ಡಂಬೆಲ್ಲಿನಂತೆ. ಅವುಗಳ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಗಳು ಕೋಶವನ್ನು ಅಡ್ಡಡ್ಡಲಾಗಿ ಸುತ್ತಿಕೊಂಡಿರುವುದರಿಂದ, ಒಳಗೆ ನೀರು ತುಂಬಿ ಒತ್ತಡ ಏರಿದಾಗ ಕೋಶ ದಪ್ಪಗಾಗಲಾರದು. ತುದಿಗಳು ಪರಸ್ಪರ ಅಂಟಿಕೊಂಡಿರುವುದರಿಂದ ನೇರವಾಗಿ ಉದ್ದವಾಗಲೂ ಆರದು. ಸುತ್ತಲೂ ಬಿಗಿಯಾಗಿ ಪಟ್ಟಿ ಸುತ್ತಿದ ಸೈಕಲ್ ಟ್ಯೂಬಿನ ಎರಡು ತುಂಡುಗಳನ್ನು ತುದಿಗೆ ತುದಿ ಕಟ್ಟಿ ಗಾಳಿ ತುಂಬಿದರೆ ಅವು ಹೊರಕ್ಕೆ ಬಾಗಿ ನಡುವೆ ಸಂದಿ ಬಿಡುವಂತೆ, ಕಾವಲು ಕೋಶಗಳೂ ಬಾಗಿ ರಂಧ್ರವನ್ನು ತೆರೆಯುತ್ತವೆ. ಒತ್ತಡ ಇಳಿದರೆ ಕುಗ್ಗಿ ಮುಚ್ಚಿಕೊಳ್ಳುತ್ತವೆ. ಒತ್ತಡವೇ ಇದರ ಚಾಲಕಶಕ್ತಿ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಹ್ಯೂಗೋ ಫಾನ್ ಮೋಲ್ 1856ರಷ್ಟು ಹಿಂದೆಯೇ ಹೇಳಿದ್ದರು.

ಒತ್ತಡ ಏರುವುದಾದರೂ ಹೇಗೆ? ನೀರನ್ನು ನೇರವಾಗಿ ಪಂಪು ಮಾಡುವ ವ್ಯವಸ್ಥೆ ಜೀವಕೋಶಗಳಲ್ಲಿ ಇಲ್ಲ. ಕೋಶ ಮೊದಲು ಲವಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ನೀರು ಅಭಿಸರಣದಿಂದ ಅವುಗಳ ಬೆನ್ನಿಗೆ ಬರುತ್ತದೆ. ಕಾವಲು ಕೋಶದಲ್ಲಿರುವ ಪಿಷ್ಟ ಕರಗಿ ಸಕ್ಕರೆಯಾಗುವುದರಿಂದಲೇ ಒತ್ತಡ ಏರುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ಜಪಾನಿನ ಸಂಶೋಧಕರು 1940ರ ದಶಕದಿಂದ ಮುಂದಕ್ಕೆ ನಡೆಸಿದ ಕೆಲಸ ಮತ್ತು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳು ಮುಖ್ಯ ಪಾತ್ರಧಾರಿ ಪೊಟ್ಯಾಸಿಯಂ ಎಂಬುದನ್ನು ಸ್ಥಾಪಿಸಿದವು. ರಂಧ್ರ ಮುಚ್ಚಿರುವಾಗ ಕಾವಲು ಕೋಶದಲ್ಲಿ ಸುಮಾರು 100 ಮಿಲಿಮೋಲಾರ್ ಇರುವ ಪೊಟ್ಯಾಸಿಯಂ ಸಾಂದ್ರತೆ, ರಂಧ್ರ ತೆರೆದಾಗ 400ರಿಂದ 800ರವರೆಗೂ ಏರುತ್ತದೆ. ಧನ ಆವೇಶವಿರುವ ಪೊಟ್ಯಾಸಿಯಮ್ಮಿಗೆ ಜೋಡಿಯಾಗಿ ಋಣ ಆವೇಶದ ಕ್ಲೋರೈಡ್, ನೈಟ್ರೇಟ್ ಮತ್ತು ಮ್ಯಾಲೇಟ್ ಅಯಾನುಗಳು ಸೇರುತ್ತವೆ. ಪಿಷ್ಟದ ಪಾತ್ರವೂ ಪೂರ್ತಿ ಸುಳ್ಳಾಗಲಿಲ್ಲ: ಬೆಳಗಿನ ಬೆಳಕಿನಲ್ಲಿ ಅದು ಒಡೆಯುವುದರಿಂದ ರಂಧ್ರ ಬೇಗ ತೆರೆಯಲು ನೆರವಾಗುತ್ತದೆ ಎಂಬುದು ಈಚಿನ ಪ್ರಯೋಗಗಳಲ್ಲಿ ಕಂಡುಬಂದಿದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ರಚನಾವಿಶೇಷವಿದೆ. ಗಿಡದ ಬಹುತೇಕ ಕೋಶಗಳು ಪ್ಲಾಸ್ಮೋಡೆಸ್ಮಾಟಾ ಎಂಬ ಸೂಕ್ಷ್ಮ ನಾಳಗಳ ಮೂಲಕ ಅಕ್ಕಪಕ್ಕದ ಕೋಶಗಳೊಂದಿಗೆ ಬೆಸೆದುಕೊಂಡಿರುತ್ತವೆ. ಬಲಿತ ಕಾವಲು ಕೋಶಗಳಿಗೆ ಈ ನಾಳಗಳಿಲ್ಲ. ಆದ್ದರಿಂದ ಒಳಬರುವ, ಹೊರಹೋಗುವ ಒಂದೊಂದು ಅಯಾನೂ ಕೋಶಪೊರೆಯಲ್ಲಿರುವ ಪ್ರೋಟೀನು ಕಾಲುವೆಗಳನ್ನೋ ಸಾಗಣೆಯ ಪ್ರೋಟೀನುಗಳನ್ನೋ ದಾಟಿಯೇ ಸಾಗಬೇಕು. ರಂಧ್ರದ ಮೇಲಿನ ನಿಯಂತ್ರಣವೆಂದರೆ ಬಹುಮಟ್ಟಿಗೆ ಈ ಕಾಲುವೆಗಳ ಮೇಲಿನ ನಿಯಂತ್ರಣವೇ. ಇಂಥ ಪೊಟ್ಯಾಸಿಯಂ ಕಾಲುವೆಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಕಾವಲು ಕೋಶಗಳಲ್ಲಿ ಮೊದಲು ಅಳೆದು ತೋರಿಸಿದ್ದು 1984ರಲ್ಲಿ, ಜೂಲಿಯನ್ ಶ್ರೋಡರ್, ರೈನರ್ ಹೆಡ್ರಿಶ್ ಮತ್ತು ಜೂಲಿಯೋ ಫರ್ನಾಂಡೆಜ್ ಅವರು. ಪ್ರಾಣಿಗಳ ನರ ಮತ್ತು ಸ್ನಾಯುಕೋಶಗಳಿಗಾಗಿ ರೂಪುಗೊಂಡ, ಪ್ಯಾಚ್ ಕ್ಲಾಂಪ್ ಎಂಬ ಈ ಅಳತೆಯ ವಿಧಾನ ಅಲ್ಲಿಂದ ಮುಂದೆ ಸಸ್ಯವಿಜ್ಞಾನದ ಮುಖ್ಯ ಸಾಧನವೂ ಆಯಿತು.

ತೆರೆಯುವ ಸಂಕೇತಗಳಲ್ಲಿ ಪ್ರಬಲವಾದದ್ದು ಬೆಳಗಿನ ಬೆಳಕಿನಲ್ಲಿರುವ ನೀಲಿ ಕಿರಣ. ಕಾವಲು ಕೋಶದ ಪೊರೆಗೆ ಹೊಂದಿಕೊಂಡ ಫೋಟೋಟ್ರೋಪಿನ್ ಎಂಬ ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿಕೊಂಡು ಚುರುಕಾಗುತ್ತವೆ. ಗಿಡ ಬೆಳಕಿನತ್ತ ಬಾಗುವುದಕ್ಕೂ ಇವೇ ಕಾರಣ. ಇವುಗಳಿಂದ ಆರಂಭವಾದ ಸಂದೇಶ ಹಲವು ಕೈ ಬದಲಾಯಿಸಿ ಪೊರೆಯಲ್ಲಿರುವ ಪ್ರೋಟಾನ್ ಪಂಪನ್ನು ತಲುಪುತ್ತದೆ. ಆ ಪಂಪಿನ ಬಾಲದ ತುದಿಯು ತನ್ನದೇ ದೇಹದ ಮೇಲೆ ಮಡಚಿಕೊಂಡು ಪಂಪು ನಡೆಯದಂತೆ ತಡೆದಿರುತ್ತದೆ. ಸಂದೇಶ ತಲುಪಿದಾಗ ಬಾಲದ ಕೊನೆಯಿಂದ ಎರಡನೆಯ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಗುಂಪು ಸೇರುತ್ತದೆ, ಅದನ್ನು ಗುರುತಿಸಿ 14-3-3 ಎಂಬ ಪ್ರೋಟೀನು ಬಂದು ಕೂರುತ್ತದೆ, ಬಾಲ ಪಕ್ಕಕ್ಕೆ ಸರಿಯುತ್ತದೆ, ಪಂಪು ಓಡತೊಡಗುತ್ತದೆ. ಪ್ರೋಟಾನುಗಳು ಹೊರದಬ್ಬಲ್ಪಟ್ಟಾಗ ಪೊರೆಯ ಒಳಬದಿ ಇನ್ನಷ್ಟು ಋಣಾತ್ಮಕವಾಗಿ, ಆ ವಿದ್ಯುತ್ ಸೆಳೆತಕ್ಕೆ ಒಳಮುಖ ಕಾಲುವೆಗಳು ತೆರೆದುಕೊಂಡು ಪೊಟ್ಯಾಸಿಯಂ ಒಳನುಗ್ಗುತ್ತದೆ. ಇಲ್ಲಿಯೂ ಬೆಳಕು ಪಂಪನ್ನು ಹೊಸದಾಗಿ ಕಟ್ಟಲಿಲ್ಲ ಎಂಬುದನ್ನು ಗಮನಿಸಬೇಕು; ಇದ್ದ ಪಂಪಿಗೆ ಅಡ್ಡ ಬಂದಿದ್ದುದನ್ನು ಸರಿಸಿತು.

ಈ ಹಂತ ಎಷ್ಟು ನಿರ್ಣಾಯಕ ಎಂಬುದಕ್ಕೆ ಒಂದು ಶಿಲೀಂಧ್ರವೇ ಸಾಕ್ಷಿ ಒದಗಿಸಿದೆ. ಬಾದಾಮಿ ಮತ್ತು ಪೀಚ್ ಮರಗಳಿಗೆ ತಗಲುವ ಶಿಲೀಂಧ್ರವೊಂದು ಫ್ಯೂಸಿಕಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಅದು ಪಂಪಿನ ಬಾಲವನ್ನೂ 14-3-3 ಪ್ರೋಟೀನನ್ನೂ ಬಿಡಿಸಲಾಗದಂತೆ ಬೆಸೆದುಬಿಡುವುದರಿಂದ ಪಂಪು ನಿಲ್ಲುವುದೇ ಇಲ್ಲ, ರಂಧ್ರ ಮುಚ್ಚುವುದೇ ಇಲ್ಲ. ಬೇರಿಗೆ ನೀರು ದೊರೆಯುತ್ತಿದ್ದರೂ ಎಲೆ ಬಾಡಿ ಒಣಗುತ್ತದೆ.

ಇನ್ನು ಮುಚ್ಚುವ ಸಂಕೇತ. ಇದರ ಕೇಂದ್ರದಲ್ಲಿರುವ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನನ್ನು ಹುಡುಕುತ್ತಿದ್ದವರು ಪತ್ರರಂಧ್ರವನ್ನು ಹುಡುಕುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಆಡಿಕಾಟ್ ಅವರ ತಂಡ ಹತ್ತಿಯ ಎಳೆಗಾಯಿಗಳು ಉದುರುವುದೇಕೆ ಎಂದು ಪರಿಶೀಲಿಸುತ್ತಿತ್ತು; ಬ್ರಿಟನ್ನಿನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಮರಗಳ ಮೊಗ್ಗುಗಳು ಸುಪ್ತಾವಸ್ಥೆಗೆ ಜಾರುವುದೇಕೆ ಎಂದು ಕೇಳುತ್ತಿತ್ತು. ಇಬ್ಬರ ಕೈಗೂ ಸಿಕ್ಕಿದ್ದು ಒಂದೇ ಅಣು. ಬಾಡಿದ ಗೋಧಿ ಎಲೆಗಳಲ್ಲಿ ಈ ಅಣುವಿನ ಪ್ರಮಾಣ ಏರುತ್ತದೆ, ಕತ್ತರಿಸಿದ ಎಲೆಗಳಿಗೆ ಇದನ್ನು ಉಣಿಸಿದರೆ ರಂಧ್ರಗಳು ಮುಚ್ಚುತ್ತವೆ ಎಂಬ ಎರಡು ಸಂಗತಿಗಳು 1969ರಲ್ಲಿ ಬೆಳಕಿಗೆ ಬಂದವು. ಮರುವರ್ಷ ಫ್ಲಾಕಾ ಎಂಬ ಟೊಮ್ಯಾಟೊ ತಳಿಯ ಗುಟ್ಟೂ ಬಯಲಾಯಿತು. ನೀರಿದ್ದರೂ ಸದಾ ಬಾಡಿದಂತಿರುವ ಈ ತಳಿಗೆ ಆಬ್ಸಿಸಿಕ್ ಆಮ್ಲವನ್ನು ಸಾಕಷ್ಟು ತಯಾರಿಸುವ ಶಕ್ತಿಯೇ ಇಲ್ಲ; ಹೊರಗಿನಿಂದ ಸಿಂಪಡಿಸಿದರೆ ಗಿಡ ಸರಿಯಾಗಿ ನಿಲ್ಲುತ್ತದೆ.

ಗಿಡ ಇದನ್ನು ತಯಾರಿಸುವುದು ಕ್ಯಾರೊಟಿನಾಯ್ಡುಗಳಿಂದ, ಅಂದರೆ ಕ್ಯಾರೆಟ್ ಮತ್ತು ಪರಂಗಿಗೆ ಬಣ್ಣ ಕೊಡುವ ವರ್ಣದ್ರವ್ಯಗಳ ಬಳಗಕ್ಕೆ ಸೇರಿದ ವಸ್ತುಗಳಿಂದ. ನೀರಿನ ಕೊರತೆ ಎದುರಾದಾಗ ಕ್ಯಾರೊಟಿನಾಯ್ಡನ್ನು ನಡುವೆ ತುಂಡರಿಸುವ ಕಿಣ್ವವೊಂದರ ಪ್ರಮಾಣ ಹೆಚ್ಚುತ್ತದೆ, ಮತ್ತು ಎಲೆಯಲ್ಲಿ ಆಬ್ಸಿಸಿಕ್ ಆಮ್ಲ ಕೆಲವೇ ಗಂಟೆಗಳಲ್ಲಿ 50 ಪಟ್ಟಿನವರೆಗೂ ಏರಬಲ್ಲದು. ಮಳೆ ಬಂದು ಬೇರು ನೆನೆದಾಗ ಇನ್ನೊಂದು ಕಿಣ್ವ ಇದನ್ನು ಒಡೆದುಹಾಕುತ್ತದೆ. ಸಂಕೇತಕ್ಕೆ ಹುಟ್ಟು ಎಷ್ಟು ಮುಖ್ಯವೋ ಸಾವೂ ಅಷ್ಟೇ ಮುಖ್ಯ. ಸಂಕೇತ ಅಳಿಯದಿದ್ದರೆ ರಂಧ್ರ ಮುಚ್ಚಿಯೇ ಉಳಿದು ಗಿಡ ಹಸಿವಿನಿಂದ ಸೊರಗುತ್ತದೆ.

ಮಣ್ಣು ಒಣಗಿದ ಸುದ್ದಿ ಎಲೆಗೆ ಮುಟ್ಟುವುದು ಹೇಗೆ ಎಂಬುದರ ಬಗ್ಗೆ ದೀರ್ಘ ವಾದವೇ ನಡೆದಿದೆ. ಬೇರಿನಲ್ಲಿ ತಯಾರಾದ ಆಬ್ಸಿಸಿಕ್ ಆಮ್ಲವೇ ನೀರು ಸಾಗಿಸುವ ಕ್ಸೈಲಂ ನಾಳಗಳಲ್ಲಿ ಮೇಲೇರಿ ಬರುತ್ತದೆ ಎಂಬ ಅಭಿಪ್ರಾಯ 1980ರ ದಶಕದಲ್ಲಿ ಬಲವಾಗಿತ್ತು. ಒಂದೇ ಗಿಡದ ಬೇರುಗಳನ್ನು ಎರಡು ಕುಂಡಗಳಲ್ಲಿ ಹಂಚಿ ಒಂದನ್ನು ಮಾತ್ರ ಒಣಗಿಸಿದಾಗ, ಎಲೆಗೆ ನೀರಿನ ಕೊರತೆಯಾಗದಿದ್ದರೂ ರಂಧ್ರಗಳು ಕಿರಿದಾಗುವುದು ಈ ಅಭಿಪ್ರಾಯಕ್ಕೆ ಆಧಾರವಾಗಿತ್ತು. ಆದರೆ ಆಬ್ಸಿಸಿಕ್ ಆಮ್ಲ ತಯಾರಿಸಲಾರದ ಟೊಮ್ಯಾಟೊ ಬೇರಿನ ಮೇಲೆ ಸಾಮಾನ್ಯ ಟೊಮ್ಯಾಟೊ ಕಾಂಡವನ್ನು ಕಸಿ ಕಟ್ಟಿದಾಗಲೂ ರಂಧ್ರಗಳು ಸರಿಯಾಗಿಯೇ ಮುಚ್ಚಿದವು. ಅಂದರೆ ಬೇರು ಸುದ್ದಿ ಕಳಿಸುತ್ತಿದೆ, ಆದರೆ ಆ ಸುದ್ದಿ ಆಬ್ಸಿಸಿಕ್ ಆಮ್ಲವೇ ಆಗಿರಬೇಕಿಲ್ಲ. 2018ರಲ್ಲಿ ಜಪಾನಿನ ಸಂಶೋಧಕರು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಒಂದು ಸುದ್ದಿವಾಹಕವನ್ನು ಗುರುತಿಸಿದರು. ಸಿಎಲ್‌ಇ25 ಎಂಬ ಕಿರು ಪೆಪ್ಟೈಡ್ ಒಣಗಿದ ಬೇರಿನಿಂದ ಹೊರಟು ಎಲೆಯನ್ನು ಸೇರಿ, ಅಲ್ಲಿನ ಗ್ರಾಹಕ ಪ್ರೋಟೀನುಗಳನ್ನು ತಟ್ಟಿ, ಆಬ್ಸಿಸಿಕ್ ಆಮ್ಲದ ತಯಾರಿಕೆಯನ್ನು ಎಲೆಯಲ್ಲೇ ಆರಂಭಿಸುತ್ತದೆ. ಇದರ ಜೊತೆಗೆ ನಾಳಗಳಲ್ಲಿನ ನೀರಿನ ಎಳೆತದಲ್ಲಾಗುವ ಬದಲಾವಣೆಯೂ ವೇಗವಾಗಿ ಸುದ್ದಿ ಮುಟ್ಟಿಸುತ್ತದೆ. ಕಾವಲು ಕೋಶಗಳು ತಾವೇ ಆಬ್ಸಿಸಿಕ್ ಆಮ್ಲವನ್ನು ತಯಾರಿಸಿಕೊಳ್ಳಬಲ್ಲವು ಎಂಬುದೂ ಈಗ ತಿಳಿದಿದೆ.

ಅಣು ಗೊತ್ತಾಗಿ ನಲವತ್ತು ವರ್ಷವಾದರೂ ಅದನ್ನು ಗುರುತಿಸುವ ಗ್ರಾಹಕ ಯಾವುದೆಂದು ತಿಳಿದಿರಲಿಲ್ಲ. ಸಿಕ್ಕಿತೆಂದು ಪ್ರಕಟವಾದ ಹೇಳಿಕೆಗಳಲ್ಲಿ ಕೆಲವು ನಿಲ್ಲಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು 2008ರಲ್ಲಿ ಹಿಂಪಡೆಯಬೇಕಾಯಿತು. ಇಷ್ಟು ಕಾಲ ಅದು ಕೈಗೆ ಸಿಗದಿರಲು ಕಾರಣ ಸರಳವಾಗಿತ್ತು. ಜೀನುಗಳನ್ನು ಒಂದೊಂದಾಗಿ ಕೆಡಿಸಿ, ಯಾವುದು ಕೆಟ್ಟಾಗ ಗಿಡ ಹಾರ್ಮೋನಿಗೆ ಕಿವುಡಾಗುತ್ತದೆ ಎಂದು ನೋಡುವುದು ತಳಿವಿಜ್ಞಾನದ ವಾಡಿಕೆ. ಅರಾಬಿಡಾಪ್ಸಿಸ್‌ನಲ್ಲಿ ಒಂದೇ ಮಾದರಿಯ 14 ಗ್ರಾಹಕ ಪ್ರೋಟೀನುಗಳಿದ್ದುದರಿಂದ, ಒಂದು ಕೆಟ್ಟರೆ ಉಳಿದವು ಕೆಲಸವನ್ನು ನಡೆಸಿಕೊಂಡು ಹೋಗುತ್ತಿದ್ದವು, ಗಿಡದಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. 2009ರಲ್ಲಿ ಎರಡು ತಂಡಗಳು ಬೇರೆ ಬೇರೆ ದಾರಿಯಿಂದ ಒಂದೇ ಜಾಗವನ್ನು ತಲುಪಿದವು. ಕ್ಯಾಲಿಫೋರ್ನಿಯಾದ ಶಾನ್ ಕಟ್ಲರ್ ಅವರ ತಂಡ ಪೈರಾಬ್ಯಾಕ್ಟಿನ್ ಎಂಬ ಕೃತಕ ರಾಸಾಯನಿಕವನ್ನು ಬಳಸಿತು. ಅದು 14ರಲ್ಲಿ ಕೆಲವನ್ನು ಮಾತ್ರ ಪ್ರಚೋದಿಸುವುದರಿಂದ ಒಂದು ಜೀನು ಕೆಟ್ಟರೂ ಪರಿಣಾಮ ಕಣ್ಣಿಗೆ ಬೀಳುತ್ತಿತ್ತು. ಜರ್ಮನಿಯ ಎರ್ವಿನ್ ಗ್ರಿಲ್ ಅವರ ತಂಡವಾದರೋ, ಆ ಹೊತ್ತಿಗೆ ಈ ಹಾದಿಯ ಭಾಗವೆಂದು ತಿಳಿದಿದ್ದ ಪಿಪಿ2ಸಿ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದು ಯಾರು ಎಂದು ಹುಡುಕಿ ಅಲ್ಲಿಗೆ ಬಂದಿತ್ತು.

ಈಗ ಸರಪಳಿಯನ್ನು ಬಿಡಿಸಿ ನೋಡಬಹುದು. ರಂಧ್ರ ಮುಚ್ಚಿಸುವ ಅಧಿಕಾರಿಯನ್ನು ಓಎಸ್‌ಟಿ1 ಎನ್ನುತ್ತಾರೆ. ಇದು ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡತೆಯನ್ನು ಬದಲಿಸುವ ಕೈನೇಸ್ ವರ್ಗದ ಕಿಣ್ವ. ಎಲೆಗಳ ಉಷ್ಣತೆಯನ್ನು ಕ್ಯಾಮೆರಾದಿಂದ ಚಿತ್ರಿಸಿ, ಬರದಲ್ಲಿಯೂ ತಣ್ಣಗಿರುವ, ಅಂದರೆ ರಂಧ್ರ ಮುಚ್ಚದೆ ಬೆವರುತ್ತಲೇ ಇರುವ ಗಿಡಗಳನ್ನು ಆರಿಸುವ ಜಾಣ ಉಪಾಯದಿಂದ ಇದು ಪತ್ತೆಯಾಯಿತು. ಓಎಸ್‌ಟಿ1 ಕೆಲಸ ಮಾಡಬೇಕಾದರೆ ಅದರ ಮೇಲೂ ಫಾಸ್ಫೇಟ್ ಇರಬೇಕು. ನೀರು ಸಾಕಷ್ಟಿರುವಾಗ ಪಿಪಿ2ಸಿ ಅದರ ಮೈಗೆ ಒತ್ತಿಕೊಂಡಿದ್ದು, ಆ ಫಾಸ್ಫೇಟನ್ನು ಕಿತ್ತುಹಾಕುತ್ತಲೇ ಇರುತ್ತದೆ. ಆದ್ದರಿಂದ ಓಎಸ್‌ಟಿ1 ಇದ್ದೂ ಇಲ್ಲದಂತೆ.

ಗ್ರಾಹಕ ಪ್ರೋಟೀನಿನ ನಡುವೆ ಒಂದು ಪೊಳ್ಳು ಇದೆ, ಅದರ ಬಾಯಿಯಲ್ಲಿ ಸಡಿಲವಾದ ಒಂದು ಕುಣಿಕೆ. ಆಬ್ಸಿಸಿಕ್ ಆಮ್ಲದ ಅಣು ಪೊಳ್ಳಿನೊಳಗೆ ಕುಳಿತಾಗ ಕುಣಿಕೆ ಅದರ ಮೇಲೆ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಂಡಾಗ ಗ್ರಾಹಕದ ಹೊರಮೈಯಲ್ಲಿ ಪಿಪಿ2ಸಿಗೆ ಸರಿಯಾಗಿ ಹೊಂದುವ ತಾಣವೊಂದು ಸಿದ್ಧವಾಗುತ್ತದೆ. ಪಿಪಿ2ಸಿ ಬಂದು ಅಲ್ಲಿ ಒತ್ತಿಕೊಂಡಾಗ ಅದರ ಒಂದು ಟ್ರಿಪ್ಟೋಫ್ಯಾನ್ ಅಮೈನೋ ಆಮ್ಲ ಕುಣಿಕೆಯ ಸಂದಿಯೊಳಕ್ಕೆ ತೂರಿ, ಮುಚ್ಚಳ ಮತ್ತೆ ತೆರೆಯದಂತೆ ಭದ್ರಪಡಿಸುತ್ತದೆ. ಇಲ್ಲಿಯ ಸ್ವಾರಸ್ಯವೆಂದರೆ, ಗ್ರಾಹಕವು ಪಿಪಿ2ಸಿಯ ಯಾವ ಜಾಗಕ್ಕೆ ಅಂಟಿಕೊಳ್ಳುತ್ತದೆಯೋ ಅದೇ ಜಾಗಕ್ಕೆ ಈ ಮೊದಲು ಓಎಸ್‌ಟಿ1 ವರ್ಗದ ಕಿಣ್ವ ಅಂಟಿಕೊಂಡಿತ್ತು ಎಂಬುದು 2012ರಲ್ಲಿ ಸ್ಫಟಿಕ ರಚನೆಗಳನ್ನು ಹೋಲಿಸಿದಾಗ ಸ್ಪಷ್ಟವಾಯಿತು. ಹಾರ್ಮೋನು ತುಂಬಿಕೊಂಡ ಗ್ರಾಹಕ ಆ ಜಾಗವನ್ನು ಆಕ್ರಮಿಸುತ್ತದೆ, ಓಎಸ್‌ಟಿ1 ಬಿಡುಗಡೆಯಾಗುತ್ತದೆ. ತನ್ನಿಂದ ತಾನೇ ಹಾಗೂ ಬೇರೆ ಕೈನೇಸುಗಳ ನೆರವಿನಿಂದ ಮತ್ತೆ ಫಾಸ್ಫೇಟ್ ಗಳಿಸಿಕೊಂಡು ಚುರುಕಾಗುತ್ತದೆ. ಪಿಪಿ2ಸಿಯ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಗ್ರಾಹಕ ಅದನ್ನು ಹಿಡಿಯಲಾಗದಂತಾದ ಅರಾಬಿಡಾಪ್ಸಿಸ್ ತಳಿ 1984ರಿಂದಲೇ ಪ್ರಯೋಗಶಾಲೆಗಳಲ್ಲಿತ್ತು. ಆಬ್ಸಿಸಿಕ್ ಆಮ್ಲ ಎಷ್ಟಿದ್ದರೂ ಆ ಗಿಡದ ರಂಧ್ರ ಮುಚ್ಚುವುದಿಲ್ಲ. ತಡೆಯನ್ನು ತಡೆಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಉದಾಹರಣೆ. ಅದು ಹಾಗೇಕೆ ವರ್ತಿಸುತ್ತದೆ ಎಂಬುದು ತಿಳಿದದ್ದು ಮಾತ್ರ 25 ವರ್ಷಗಳ ನಂತರ.

ಬಿಡುಗಡೆಯಾದ ಓಎಸ್‌ಟಿ1 ಮೊದಲು ಹಿಡಿಯುವುದು ಸ್ಲ್ಯಾಕ್1 ಎಂಬ ಋಣ ಅಯಾನು ಕಾಲುವೆಯನ್ನು. ಫಿನ್ಲೆಂಡ್ ಮತ್ತು ಜಪಾನಿನ ಸಂಶೋಧಕರನ್ನೊಳಗೊಂಡ ಎರಡು ತಂಡಗಳು 2008ರಲ್ಲಿ ಈ ಕಾಲುವೆಯನ್ನು ವರದಿ ಮಾಡಿದವು. ಓಝೋನ್ ಅನಿಲದಿಂದ ಬೇಗ ಸುಟ್ಟುಹೋಗುವ ಗಿಡಗಳನ್ನು ಪರೀಕ್ಷಿಸುವಾಗ, ಅವು ರಂಧ್ರ ಮುಚ್ಚಲಾರದೆ ಓಝೋನನ್ನು ಒಳಗೆ ಬಿಟ್ಟುಕೊಳ್ಳುತ್ತಿವೆ ಎಂಬುದು ಒಂದು ತಂಡಕ್ಕೆ ಹೊಳೆದ ಸುಳಿವು. ಸ್ಲ್ಯಾಕ್1ಗೆ ಫಾಸ್ಫೇಟ್ ಅಂಟಿದಾಗ ಅದು ತೆರೆದುಕೊಂಡು ಕ್ಲೋರೈಡ್, ನೈಟ್ರೇಟ್ ಮುಂತಾದ ಅಯಾನುಗಳನ್ನು ಹೊರಬಿಡುತ್ತದೆ. ಋಣ ಆವೇಶ ಹೊರಹೋದಂತೆ ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಆ ಬದಲಾವಣೆಗೆ ಪೊಟ್ಯಾಸಿಯಂನ ಒಳಮುಖ ಕಾಲುವೆ ಮುಚ್ಚಿ, ಹೊರಮುಖ ಕಾಲುವೆ ತೆರೆಯುತ್ತದೆ. ಲವಣ ಹೊರಟಂತೆ ನೀರೂ ಹೊರಡುತ್ತದೆ, ಕೋಶ ಸಡಿಲಗೊಳ್ಳುತ್ತದೆ. ಅಣು ಗ್ರಾಹಕದಲ್ಲಿ ಕುಳಿತಲ್ಲಿಂದ ರಂಧ್ರ ಕಿರಿದಾಗುವವರೆಗೆ ಹಿಡಿಯುವ ಕಾಲ ಕೆಲವು ನಿಮಿಷಗಳು ಮಾತ್ರ. ಇಷ್ಟು ವೇಗ ಸಾಧ್ಯವಾಗಿರುವುದು, ನನ್ನ ಅಭಿಪ್ರಾಯದಲ್ಲಿ, ಈ ಹಾದಿಯಲ್ಲಿ ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲದಿರುವುದರಿಂದಲೇ. ಹೊಸ ಜೀನುಗಳನ್ನು ಚಾಲೂ ಮಾಡಿ ಪ್ರೋಟೀನು ಕಟ್ಟುವ ಕೆಲಸವನ್ನೂ ಆಬ್ಸಿಸಿಕ್ ಆಮ್ಲ ಮಾಡಿಸುತ್ತದೆ, ಆದರೆ ಅದು ದೀರ್ಘ ಬರಕ್ಕೆ ಸಿದ್ಧತೆ. ಅದಕ್ಕೆ ಗಂಟೆಗಳು ಬೇಕು.

ಓಎಸ್‌ಟಿ1 ಒಂದೇ ಎಲ್ಲವನ್ನೂ ನಡೆಸುವುದಿಲ್ಲ. ಪೊರೆಯಲ್ಲಿರುವ ಇನ್ನೊಂದು ಬಗೆಯ ಕಿಣ್ವವನ್ನು ಅದು ಚುರುಕುಗೊಳಿಸಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಹೆಚ್ಚಾದರೆ ಕೋಶವನ್ನೇ ಕೊಲ್ಲುವ ಈ ವಸ್ತು ಸಣ್ಣ ಪ್ರಮಾಣದಲ್ಲಿ ಸಂದೇಶವಾಹಕ. ಇದನ್ನು ಕೋಶದ ಹೊರಗಿನಿಂದ ಗುರುತಿಸುವ ಗ್ರಾಹಕವೊಂದು 2020ರಲ್ಲಿ ವರದಿಯಾಯಿತು. ಪೆರಾಕ್ಸೈಡಿನ ಪ್ರಭಾವದಿಂದ ಕ್ಯಾಲ್ಸಿಯಂ ಅಯಾನುಗಳು ಕೋಶದ್ರವ್ಯದೊಳಗೆ ನುಗ್ಗುತ್ತವೆ. ಕ್ಯಾಲ್ಸಿಯಂ ಏರಿಕೆಯಿಂದ ಎಚ್ಚರಗೊಳ್ಳುವ ಮತ್ತೊಂದು ಗುಂಪಿನ ಕೈನೇಸುಗಳು ಕೂಡ ಸ್ಲ್ಯಾಕ್1ಗೆ ಫಾಸ್ಫೇಟ್ ಅಂಟಿಸುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಣುವಿಗೂ ಇಲ್ಲಿ ಪಾತ್ರವಿದೆ. ಕ್ಯಾಲ್ಸಿಯಂ ಒಂದೇ ಏಟಿಗೆ ಏರಿ ನಿಲ್ಲುವುದಿಲ್ಲ, ಅಲೆಯಲೆಯಾಗಿ ಏರಿಳಿಯುತ್ತದೆ. ಅಲೆಗಳ ಲಯ ಕೆಟ್ಟರೆ ರಂಧ್ರ ಮುಚ್ಚಿಯೂ ಮುಚ್ಚಿದ ಸ್ಥಿತಿಯಲ್ಲಿ ಉಳಿಯಲಾರದು. ಒಂದೇ ಕಾಲುವೆಯನ್ನು ತೆರೆಯಲು ಎರಡು ಮೂರು ದಾರಿಗಳಿರುವುದು ಅತಿಯಾದ ಏರ್ಪಾಡಿನಂತೆ ಕಂಡರೂ, ರಂಧ್ರ ಮುಚ್ಚದಿದ್ದರೆ ಗಿಡಕ್ಕೆ ಬರುವ ಗಂಡಾಂತರವನ್ನು ನೆನೆದರೆ ಅದು ಅಚ್ಚರಿಯೇನಲ್ಲ.

ಇಂಗಾಲದ ಡೈಆಕ್ಸೈಡಿಗೂ ಕಾವಲು ಕೋಶ ಸ್ಪಂದಿಸುತ್ತದೆ. ಎಲೆಯೊಳಗೆ ಅದು ಹೆಚ್ಚಾದರೆ, ಇನ್ನಷ್ಟು ತರಿಸಿಕೊಳ್ಳುವ ಅಗತ್ಯವಿಲ್ಲವಾದ್ದರಿಂದ ರಂಧ್ರ ಕಿರಿದಾಗುತ್ತದೆ. ಕತ್ತಲಾದ ಮೇಲೆ ಉಸಿರಾಟದಿಂದ ಅನಿಲ ಶೇಖರವಾದಾಗ ಆಗುವುದೂ ಇದೇ. ಒಳಬಂದ ಅನಿಲವನ್ನು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಬೈಕಾರ್ಬೊನೇಟ್ ಆಗಿ ಬದಲಿಸುತ್ತದೆ. ಎಚ್‌ಟಿ1 ಎಂಬ ಕೈನೇಸ್ ಸಾಮಾನ್ಯವಾಗಿ ರಂಧ್ರ ಮುಚ್ಚುವುದನ್ನು ತಡೆಯುತ್ತಿರುತ್ತದೆ. ಅನಿಲದ ಪ್ರಮಾಣ ಏರಿದಾಗ ಎಂಪಿಕೆ4, ಎಂಪಿಕೆ12 ಎಂಬ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು 2022ರಲ್ಲಿ ತೋರಿಸಲಾಯಿತು. ಪಾತ್ರಧಾರಿಗಳು ಬೇರೆಯಾದರೂ ಕಟ್ಟುವಿಕೆ ಅದೇ: ತಡೆಯುವವನನ್ನು ತಡೆಯುವುದು. ಕೊನೆಗೆ ತೆರೆಯುವ ಕಾಲುವೆಯೂ ಮುಖ್ಯವಾಗಿ ಸ್ಲ್ಯಾಕ್1.

ರಂಧ್ರವೆಂದರೆ ರೋಗಾಣುಗಳಿಗೂ ಹೆಬ್ಬಾಗಿಲು, ಅದಕ್ಕೂ ಗಿಡದಲ್ಲಿ ಏರ್ಪಾಡಿದೆ. ಸೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಎಲೆಯ ಮೇಲೆ ಬಿದ್ದಾಗ, ಅದರ ಚಲನೆಯ ಬಾಲದಲ್ಲಿರುವ ಫ್ಲಾಜೆಲಿನ್ ಪ್ರೋಟೀನಿನ ತುಣುಕನ್ನು ಕಾವಲು ಕೋಶಗಳು ಗುರುತಿಸಿ ರಂಧ್ರ ಮುಚ್ಚುತ್ತವೆ. ಶೆಂಗ್ ಯಾಂಗ್ ಹೆ ಅವರ ತಂಡ 2006ರಲ್ಲಿ ಇದನ್ನು ವರದಿ ಮಾಡಿದಾಗ ಇನ್ನೊಂದು ಸಂಗತಿಯನ್ನೂ ತಿಳಿಸಿತು: ಕೆಲವು ಗಂಟೆಗಳ ನಂತರ ಬ್ಯಾಕ್ಟೀರಿಯಾ ಆ ರಂಧ್ರವನ್ನು ಮತ್ತೆ ತೆರೆಸುತ್ತದೆ. ಅದು ಸ್ರವಿಸುವ ಕೊರೊನಟಿನ್ ಎಂಬ ವಿಷ ಗಿಡದ ಜಾಸ್ಮೊನೇಟ್ ಹಾರ್ಮೋನಿನ ಸಕ್ರಿಯ ರೂಪವನ್ನು ಅಚ್ಚುಕಟ್ಟಾಗಿ ಅನುಕರಿಸುತ್ತದೆ. ಜಾಸ್ಮೊನೇಟ್ ಹಾದಿಯೂ ಕೆಲಸ ಮಾಡುವುದು ತಡೆಯೊಡ್ಡುವ ಪ್ರೋಟೀನುಗಳನ್ನು ನಾಶಪಡಿಸುವ ಮೂಲಕವೇ ಆದ್ದರಿಂದ, ನಕಲಿ ಅಣುವೊಂದನ್ನು ತಯಾರಿಸಿಕೊಂಡರೆ ರೋಗಾಣುವಿಗೆ ಸಾಕು. ಮುಂದಿನದನ್ನು ಗಿಡದ ಯಂತ್ರವೇ ನಡೆಸಿಕೊಡುತ್ತದೆ.

ಈ ತಿಳಿವಳಿಕೆಯನ್ನು ಹೊಲಕ್ಕೆ ತರುವ ಯತ್ನಗಳು ನಡೆದಿವೆ. ಆಬ್ಸಿಸಿಕ್ ಆಮ್ಲವನ್ನೇ ಸಿಂಪಡಿಸುವುದು ಬರ ನಿರ್ವಹಣೆಗೆ ಅಷ್ಟು ಉಪಯುಕ್ತವಲ್ಲ. ಗಿಡ ಅದನ್ನು ಬೇಗ ಒಡೆದುಹಾಕುತ್ತದೆ, ಬಿಸಿಲಿನಲ್ಲೂ ಅದು ಕೆಡುತ್ತದೆ. ಕಟ್ಲರ್ ತಂಡ 2019ರಲ್ಲಿ ಓಪಾಬ್ಯಾಕ್ಟಿನ್ ಎಂಬ ಕೃತಕ ಅಣುವನ್ನು ರೂಪಿಸಿತು. ಅದು ಗ್ರಾಹಕಕ್ಕೆ ಆಬ್ಸಿಸಿಕ್ ಆಮ್ಲಕ್ಕಿಂತಲೂ ಬಿಗಿಯಾಗಿ ಅಂಟುತ್ತದೆ. ಅದೇ ತಂಡ 2015ರಲ್ಲಿ ಇನ್ನೂ ಕುತೂಹಲಕರವಾದ ದಾರಿಯನ್ನು ತೋರಿಸಿತ್ತು. ಆಲೂಗಡ್ಡೆಯ ಅಂಗಮಾರಿ ಮತ್ತು ದ್ರಾಕ್ಷಿಯ ಡೌನಿ ರೋಗಕ್ಕೆ ಈಗಾಗಲೇ ಬಳಕೆಯಲ್ಲಿರುವ ಮ್ಯಾಂಡಿಪ್ರೊಪಮಿಡ್ ಎಂಬ ಔಷಧ ಹಿಡಿಸುವಂತೆ ಗ್ರಾಹಕದ ಪೊಳ್ಳನ್ನು ಮಾರ್ಪಡಿಸಿದಾಗ, ಆ ಗ್ರಾಹಕವಿರುವ ಗಿಡಗಳಿಗೆ ಔಷಧ ಸಿಂಪಡಿಸಿದರೆ ರಂಧ್ರಗಳು ಮುಚ್ಚಿಕೊಂಡವು. ಇದು ಸಾಧ್ಯವಾಗಬೇಕಾದರೆ ತಳಿಯಲ್ಲಿ ಜೀನು ಬದಲಾವಣೆ ಬೇಕು, ಆದ್ದರಿಂದ ರೈತರ ಕೈಗೆ ಇದು ಹತ್ತಿರದಲ್ಲೇನೂ ಇಲ್ಲ.

ತೊಡಕು ಇರುವುದು ತಂತ್ರದಲ್ಲಿ ಮಾತ್ರವಲ್ಲ. ರಂಧ್ರ ಮುಚ್ಚಿದ ಗಿಡ ನೀರು ಉಳಿಸುತ್ತದೆ, ಜೊತೆಗೆ ಆಹಾರ ತಯಾರಿಕೆಯನ್ನೂ ನಿಲ್ಲಿಸುತ್ತದೆ. ನೀರಾವಿ ಹೊರಹೋಗುವಾಗ ದೊರೆಯುತ್ತಿದ್ದ ತಂಪೂ ಇಲ್ಲವಾಗಿ ಎಲೆ ಬಿಸಿಯೇರುತ್ತದೆ. ಆದ್ದರಿಂದ ಬೆಳೆಗೆ ಬೇಕಾದ್ದು ಹೆಚ್ಚು ಮುಚ್ಚುವ ರಂಧ್ರವಲ್ಲ, ಒಂದೊಂದು ಹನಿಗೂ ಹೆಚ್ಚು ಇಂಗಾಲ ಗಳಿಸುವ ಎಲೆ. ಇದನ್ನು ಗುರುತಿಸಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಜ್ಞಾನಿಗಳು ಕಡಲೆಕಾಯಿ, ಭತ್ತದಂಥ ಬೆಳೆಗಳಲ್ಲಿ ಇಂಗಾಲದ ಐಸೊಟೋಪುಗಳ ಅನುಪಾತವನ್ನು ಅಳೆಯುವ ವಿಧಾನವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಇಂಗಾಲವನ್ನು ಹಿಡಿಯುವ ಕಿಣ್ವಕ್ಕೆ ಹಗುರವಾದ ಇಂಗಾಲ-12ರ ಮೇಲೆ ಒಲವು ಹೆಚ್ಚು, ಭಾರವಾದ ಇಂಗಾಲ-13ನ್ನು ಅದು ಆದಷ್ಟು ಬದಿಗಿಡುತ್ತದೆ. ರಂಧ್ರ ಕಿರಿದಾಗಿ ಒಳಗಿನ ಅನಿಲ ಕಡಿಮೆಯಾದಾಗ ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಇಂಗಾಲ-13ನ್ನೂ ಬಳಸಬೇಕಾಗುತ್ತದೆ. ಹೀಗೆ ಒಣಗಿದ ಎಲೆಯೊಂದರ ಚೂರಿನಲ್ಲಿ, ಆ ಗಿಡ ತಿಂಗಳುಗಟ್ಟಲೆ ತನ್ನ ರಂಧ್ರಗಳನ್ನು ಎಷ್ಟು ತೆರೆದಿಟ್ಟಿತ್ತು, ಎಷ್ಟು ಇಂಗಾಲ ಗಳಿಸಿತ್ತು ಎಂಬುದರ ಸರಾಸರಿ ದಾಖಲೆ ಉಳಿದಿರುತ್ತದೆ.

ಗ್ರಾಹಕದ ದಾರಿಯಿಂದಲೂ ಈ ಗುರಿಗೆ ಹತ್ತಿರ ಬರಬಹುದೆಂಬ ಸೂಚನೆ 2019ರಲ್ಲಿ ಗೋಧಿಯಿಂದ ದೊರೆಯಿತು. ಆಬ್ಸಿಸಿಕ್ ಆಮ್ಲದ ಒಂದು ಗ್ರಾಹಕವನ್ನು ಹೆಚ್ಚಾಗಿ ತಯಾರಿಸುವಂತೆ ಮಾರ್ಪಡಿಸಿದ ಗೋಧಿ, ನಿಯಂತ್ರಿತ ಪರಿಸರದಲ್ಲಿ ಬೆಳೆದಾಗ, ಸಾಮಾನ್ಯ ಗೋಧಿಗಿಂತ ಕಡಿಮೆ ನೀರು ಬಳಸಿಯೂ ಇಳುವರಿಯಲ್ಲಿ ಗಣನೀಯವಾಗಿ ಹಿಂದೆ ಬೀಳಲಿಲ್ಲ. ರಂಧ್ರ ಸ್ವಲ್ಪ ಕಿರಿದಾದಾಗ ನೀರಿನ ನಷ್ಟ ಇಳಿಯುವ ಪ್ರಮಾಣಕ್ಕೂ ಇಂಗಾಲದ ಗಳಿಕೆ ಇಳಿಯುವ ಪ್ರಮಾಣಕ್ಕೂ ವ್ಯತ್ಯಾಸವಿರುವುದರಿಂದಲೇ ಇದಕ್ಕೆ ಆಸ್ಪದ ದೊರೆಯುತ್ತದೆ: ಬೆಳಕು ಸಾಕಷ್ಟಿರುವ ಎಲೆಯಲ್ಲಿ ದ್ಯುತಿಸಂಶ್ಲೇಷಣೆ ತನ್ನ ಮಿತಿಯ ಹತ್ತಿರ ನಡೆಯುತ್ತಿರುವಾಗ, ರಂಧ್ರವನ್ನು ಇನ್ನಷ್ಟು ಅಗಲಿಸುವುದರಿಂದ ಸಿಗುವ ಇಂಗಾಲ ಅಲ್ಪ, ಹೋಗುವ ನೀರು ಬಹಳ.